ಧಾರ್ಮಿಕ ವಿದ್ಯಾಪೀಠದ ಬೋಧಕರಿಗೆ ಉದ್ಯೋಗದ ಹಕ್ಕು ಎಲ್ಲಿಯವರೆಗೆ?

ಕಡತ ಓದುಗ (ಚರ್ಚೆ ಆರಂಭಿಸಿದವರು)

2014ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನ್ಯೂಯಾರ್ಕಿನ ಜನರಲ್ ಥಿಯಲಾಜಿಕಲ್ ಸೆಮಿನರಿಯ ಎಂಟು ಮಂದಿ ಪೂರ್ಣಾವಧಿ ಬೋಧಕರು ಪಾಠ ಮಾಡುವುದನ್ನು ನಿಲ್ಲಿಸಿದರು. ಮ್ಯಾನ್‌ಹಟನ್ನಿನ ಚೆಲ್ಸಿಯಲ್ಲಿರುವ, 1817ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಅಮೆರಿಕದ ಎಪಿಸ್ಕೋಪಲ್ ಚರ್ಚಿಗೆ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಗಳಲ್ಲೇ ಹಳೆಯದು. ಅಲ್ಲಿದ್ದ ಪೂರ್ಣಾವಧಿ ಬೋಧಕರ ಪೈಕಿ ಹೆಚ್ಚಿನವರು ಈ ಎಂಟರಲ್ಲೇ ಇದ್ದರು. ಹಿಂದಿನ ವರ್ಷ ಅಧಿಕಾರ ವಹಿಸಿಕೊಂಡಿದ್ದ ಡೀನ್, ಅಂದರೆ ಸೆಮಿನರಿಯ ಮುಖ್ಯಸ್ಥರ ಮಾತು, ವರ್ತನೆ ಮತ್ತು ತಮ್ಮನ್ನು ಕೇಳದೆ ಕೈಗೊಂಡ ತೀರ್ಮಾನಗಳ ಬಗ್ಗೆ ಇವರಿಗೆ ತಕರಾರಿತ್ತು. ಅವರು ಆ ಸ್ಥಾನದಲ್ಲಿರುವವರೆಗೆ ಕೆಲಸ ಮಾಡುವುದು ಸಾಧ್ಯವಿಲ್ಲವೆಂದು ಟ್ರಸ್ಟಿಗಳಿಗೆ ಪತ್ರ ಬರೆದರು, ತಾವು ಸಂಘ ಕಟ್ಟಿಕೊಂಡಿರುವುದನ್ನೂ ತಿಳಿಸಿದರು, ತರಗತಿಯಿಂದ ಮಾತ್ರವಲ್ಲದೆ ಚಾಪೆಲ್ಲಿನ ಸಾಮೂಹಿಕ ಆರಾಧನೆಯಿಂದಲೂ ದೂರ ಉಳಿದರು.

ಸೆಪ್ಟೆಂಬರ್ 30ರಂದು ಟ್ರಸ್ಟಿಗಳ ಉತ್ತರ ಬಂತು: ನಿಮ್ಮ ರಾಜೀನಾಮೆಯನ್ನು ಅಂಗೀಕರಿಸಲಾಗಿದೆ! ನಾವು ರಾಜೀನಾಮೆ ಕೊಟ್ಟೇ ಇಲ್ಲ ಎಂದು ಬೋಧಕರು ಎಷ್ಟು ಹೇಳಿದರೂ ಪತ್ರದ ಧಾಟಿಯೇ ರಾಜೀನಾಮೆಗೆ ಸಮ ಎಂಬುದು ಆಡಳಿತದ ನಿಲುವಾಯಿತು. ಹೊರಗಿನ ವಕೀಲರ ತಂಡವೊಂದು ತನಿಖೆ ನಡೆಸಿತು. ಡೀನ್ ಅವರನ್ನು ತೆಗೆಯುವಷ್ಟು ಆಧಾರವಿಲ್ಲವೆಂದು ಹೇಳಿ ಅಕ್ಟೋಬರ್ ಮಧ್ಯದಲ್ಲಿ ಟ್ರಸ್ಟಿಗಳು ಅವರನ್ನೇ ಮುಂದುವರಿಸಿದರು. ಬೋಧಕರಿಗೆ ಆ ಶೈಕ್ಷಣಿಕ ವರ್ಷದ ಮಟ್ಟಿಗೆ ತಾತ್ಕಾಲಿಕವಾಗಿ ಮರಳಲು ಅವಕಾಶ ಕೊಟ್ಟರು. ನವೆಂಬರಿನಲ್ಲಿ ಪಾಠ ಮತ್ತೆ ನಡೆಯಿತಾದರೂ ಮುಂದೆ ಹಲವರು ಸಂಸ್ಥೆಯನ್ನು ಬಿಟ್ಟು ಹೋದರು.

ಇಷ್ಟು ಹಳೆಯ ಈ ಪ್ರಕರಣವನ್ನು ಇಲ್ಲಿ ಎತ್ತುವುದಕ್ಕೆ ಕಾರಣವಿದೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಧರ್ಮಾರಾಮ್, ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಮಠಗಳ ಸಂಸ್ಕೃತ ಮತ್ತು ವೇದ ಪಾಠಶಾಲೆಗಳು, ಮದ್ರಸಾಗಳು, ಹೀಗೆ ಧರ್ಮವಿದ್ಯೆ ಕಲಿಸುವ ಸಂಸ್ಥೆಗಳು ನಮ್ಮಲ್ಲೂ ಬೇಕಾದಷ್ಟಿವೆ. ಇವುಗಳಲ್ಲಿ ಯಾವುದರ ಮೇಲೂ ದೂರು ಹೇಳುವುದು ನನ್ನ ಉದ್ದೇಶವಲ್ಲ. ತನ್ನ ಧರ್ಮವನ್ನು ಯಾರು ಬೋಧಿಸಬೇಕೆಂದು ತೀರ್ಮಾನಿಸುವುದು ಆ ಧರ್ಮಸಂಸ್ಥೆಯ ಸ್ವಾತಂತ್ರ್ಯ ಎಂಬುದನ್ನು ಒಪ್ಪುತ್ತೇನೆ. ಆ ಸ್ವಾತಂತ್ರ್ಯವು ಸಂಬಳ, ನೋಟಿಸು, ಗ್ರಾಚ್ಯುಟಿ, ಕ್ವಾರ್ಟರ್ಸ್ ಇವುಗಳವರೆಗೂ ಚಾಚಿಕೊಳ್ಳುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ಬಲ್ಲವರು ಬರೆಯಬೇಕೆಂದು ವಿನಂತಿ.

ಸಾಗರದಾಚೆ

ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಅರೆಕಾಲಿಕ ಬೋಧಕನಾಗಿರುವುದರಿಂದ ಅಲ್ಲಿನ ಕಾನೂನಿನ ಮಟ್ಟಿಗೆ ಬರೆಯುತ್ತೇನೆ. ಆ ಎಂಟು ಮಂದಿ ಮುಷ್ಕರಕ್ಕೆ ಇಳಿದಾಗ ಅವರ ಬೆನ್ನಿಗೆ ಕಾನೂನಿನ ಬಲ ಬಹಳ ಕಡಿಮೆಯಿತ್ತು.

ಚರ್ಚು ನಡೆಸುವ ಶಾಲೆಗಳ ಶಿಕ್ಷಕರ ವಿಚಾರಕ್ಕೆ, ನೌಕರರ ಸಂಘದ ಹಕ್ಕುಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಕೈಹಾಕುವಂತಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1979ರಲ್ಲಿ ಷಿಕಾಗೋದ ಕ್ಯಾಥೊಲಿಕ್ ಬಿಷಪ್ ಪ್ರಕರಣದಲ್ಲಿ ಹೇಳಿತು. ಮರುವರ್ಷ ಯೆಶಿವಾ ವಿಶ್ವವಿದ್ಯಾಲಯದ ತೀರ್ಪು ಬಂತು. ನ್ಯೂಯಾರ್ಕಿನ ಆ ಯಹೂದಿ ವಿಶ್ವವಿದ್ಯಾಲಯದಲ್ಲಿ ಪಠ್ಯಕ್ರಮ, ವೇಳಾಪಟ್ಟಿ, ಪರೀಕ್ಷೆ, ಪ್ರವೇಶದ ನಿಯಮ ಎಲ್ಲವನ್ನೂ ಪ್ರಾಧ್ಯಾಪಕರೇ ನಿರ್ಧರಿಸುತ್ತಾರೆ, ನೇಮಕಾತಿಯಲ್ಲೂ ಅವರ ಮಾತು ನಡೆಯುತ್ತದೆ, ಆದ್ದರಿಂದ ಅವರು ಆಡಳಿತದ ಭಾಗವೇ ಹೊರತು ಕಾರ್ಮಿಕ ಕಾಯ್ದೆಯ ರಕ್ಷಣೆಗೆ ಬರುವ ನೌಕರರಲ್ಲ ಎಂದು ಐದು ನ್ಯಾಯಮೂರ್ತಿಗಳು ಹೇಳಿದರು. ಉಳಿದ ನಾಲ್ವರು ಒಪ್ಪಲಿಲ್ಲ. ಆಡಳಿತದಲ್ಲಿ ನಮ್ಮ ಮಾತಿಗೆ ಬೆಲೆಯೇ ಇಲ್ಲ ಎಂಬುದು ಚೆಲ್ಸಿಯ ಬೋಧಕರ ಗೋಳಾಗಿತ್ತು. ಬೆಲೆಯಿದೆ ಎಂದು ಆಡಳಿತ ತೋರಿಸಿಬಿಟ್ಟರೆ ಸಂಘದ ಹಕ್ಕೇ ಹೋಗುತ್ತದೆ. ಈ ಇಕ್ಕಟ್ಟು ಇಂದಿಗೂ ಹಾಗೇ ಇದೆ.

2014ರ ಡಿಸೆಂಬರಿನಲ್ಲಿ, ಅಂದರೆ ಈ ಗಲಾಟೆ ಒಂದು ಹಂತಕ್ಕೆ ಮುಗಿದ ಮೇಲೆ, ಪೆಸಿಫಿಕ್ ಲೂಥರನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಮಂಡಳಿಯು ನಿಯಮವನ್ನು ಸ್ವಲ್ಪ ಸಡಿಲಿಸಿತು. ಬೋಧಕರು ನಿರ್ದಿಷ್ಟವಾದ ಧಾರ್ಮಿಕ ಪಾತ್ರ ವಹಿಸುತ್ತಾರೆಂದು ಸಂಸ್ಥೆ ತೋರಿಸಬೇಕು, ಇಲ್ಲವಾದರೆ ಸಂಘ ಕಟ್ಟಬಹುದು ಎಂದಿತು. 2020ರಲ್ಲಿ ಬೆಥನಿ ಕಾಲೇಜಿನ ಪ್ರಕರಣದಲ್ಲಿ ಅದನ್ನೂ ಹಿಂತೆಗೆದುಕೊಂಡಿತು. ಇದರಿಂದ ಗಣಿತ, ರಸಾಯನಶಾಸ್ತ್ರ ಕಲಿಸುವವರಿಗೆ ನಷ್ಟವಾಗಿರಬಹುದು. ಸೆಮಿನರಿಯವರ ಪಾತ್ರ ಧಾರ್ಮಿಕವೆಂಬುದಕ್ಕೆ ಬೇರೆ ಪುರಾವೆಯೇ ಬೇಡವಾದ್ದರಿಂದ ಸಡಿಲಿಸಿದಾಗಲೂ ಅವರಿಗೆ ಹೆಚ್ಚು ದಕ್ಕುತ್ತಿರಲಿಲ್ಲ.

ಇದರ ಮೇಲೆ ಮಿನಿಸ್ಟೀರಿಯಲ್ ಎಕ್ಸೆಪ್ಷನ್ ಎಂಬ ವಿನಾಯಿತಿಯೂ ಇದೆ. ಧರ್ಮಕಾರ್ಯ ನಡೆಸುವವರ ನೇಮಕ ಮತ್ತು ವಜಾ ವಿಷಯದಲ್ಲಿ ತಾರತಮ್ಯ ವಿರೋಧಿ ಕಾಯ್ದೆಗಳು ಅನ್ವಯಿಸುವುದಿಲ್ಲ. 2012ರ ಹೊಸಾನಾ ಟೇಬರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಅವಿರೋಧವಾಗಿ ಒಪ್ಪಿತು. ಅಲ್ಲಿ ಕೆಲಸ ಕಳೆದುಕೊಂಡವರು ಲೂಥರನ್ ಶಾಲೆಯೊಂದರ ಶಿಕ್ಷಕಿ. 2020ರಲ್ಲಿ ಮತ್ತೊಂದು ತೀರ್ಪು ಅದನ್ನು ಇನ್ನಷ್ಟು ವಿಸ್ತರಿಸಿತು.

ಗುರುಮಠದಿಂದ

ನಾನು ಬೆಂಗಳೂರಿನ ಒಂದು ಗುರುಮಠದಲ್ಲಿ, ಅಂದರೆ ಸೆಮಿನರಿಯಲ್ಲಿ, ದೈವಶಾಸ್ತ್ರ ಕಲಿಸುವ ಕ್ಯಾಥೊಲಿಕ್ ಧಾರ್ಮಿಕ ಗುರು. ಚರ್ಚೆ ಈಗಾಗಲೇ ಒಂದು ಕಡೆಗೆ ವಾಲುತ್ತಿರುವುದರಿಂದ ಇನ್ನೊಂದು ಕಡೆಯನ್ನೂ ಹೇಳಬೇಕೆನಿಸಿತು.

ಗುರುಮಠವು ಬಿ.ಎ., ಬಿ.ಕಾಂ. ಕಾಲೇಜಿನಂಥದ್ದಲ್ಲ. ಇಲ್ಲಿ ಬೋಧಕನು ಒಂದು ಗಂಟೆಯ ಪಾಠ ಮುಗಿಸಿ ಬಸ್ಸು ಹತ್ತಿ ಮನೆಗೆ ಹೋಗುವವನಲ್ಲ. ಬೆಳಗಿನ ಬಲಿಪೂಜೆಯಿಂದ ರಾತ್ರಿಯ ಜಪದವರೆಗೆ ಅವನು ವಿದ್ಯಾರ್ಥಿಗಳ ನಡುವೆಯೇ ಇರುತ್ತಾನೆ, ಅವರ ಜೊತೆ ಒಂದೇ ಊಟದ ಮೇಜಿಗೆ ಕೂರುತ್ತಾನೆ. ಒಬ್ಬ ಹುಡುಗನಿಗೆ ಗುರುದೀಕ್ಷೆ ಕೊಡಬಹುದೇ ಬೇಡವೇ ಎಂದು ಅಭಿಪ್ರಾಯ ಹೇಳುವವರಲ್ಲಿ ಅವನೂ ಒಬ್ಬ. ನ್ಯೂಯಾರ್ಕಿನ ಬೋಧಕರು ತರಗತಿ ಬಹಿಷ್ಕರಿಸಿದ್ದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ, ಆರಾಧನೆಯನ್ನು ಬಹಿಷ್ಕರಿಸಿದ್ದನ್ನು ಒಪ್ಪಲಾರೆ. ಬೇಡಿಕೆ ಈಡೇರಿಸಿಕೊಳ್ಳಲು ಪೂಜಾಪೀಠವನ್ನೇ ಸಾಧನ ಮಾಡಿಕೊಂಡ ಮೇಲೆ ಆ ಸಮುದಾಯದಲ್ಲಿ ಉಳಿಯುವುದೇನು? ಅದೂ ಅಲ್ಲದೆ ನಮ್ಮಲ್ಲಿ ಕಲಿಸುವ ಬಹುತೇಕರು ವ್ರತ ಸ್ವೀಕರಿಸಿದವರು ಅಥವಾ ಬಿಷಪರ ಆಜ್ಞೆಯಂತೆ ಬಂದವರು. ವ್ರತಧಾರಿಗಳಾದ ನಮಗೆ ಬರುವ ಹಣ ನಮ್ಮ ಸನ್ಯಾಸಿ ಸಭೆಗೆ ಸೇರುತ್ತದೆ. ಮಾಲೀಕ, ನೌಕರ ಎಂಬ ಚೌಕಟ್ಟು ಇಲ್ಲಿಗೆ ಹೊಂದುವುದಿಲ್ಲ ಎಂಬುದು ನನ್ನ ಅನಿಸಿಕೆ.

ಹೈಕೋರ್ಟ್ ಕಾರಿಡಾರ್

ಫಾದರ್, ತಮ್ಮ ಮಾತನ್ನು ಗೌರವದಿಂದಲೇ ಓದಿದೆ. ಹೊಂದುವುದಿಲ್ಲ ಎಂದು ತಾವು ಹೇಳುವ ಚೌಕಟ್ಟನ್ನು ತೆರಿಗೆ ಇಲಾಖೆ ಎಂದೋ ಹೊಂದಿಸಿಬಿಟ್ಟಿದೆ. ಅನುದಾನಿತ ಶಾಲೆಗಳಲ್ಲಿ ಕಲಿಸುವ ಗುರುಗಳು ಮತ್ತು ಕನ್ಯಾಸ್ತ್ರೀಯರ ಸಂಬಳದಿಂದ ಟಿಡಿಎಸ್ ಕಡಿಯಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಣವನ್ನು ಸಭೆಗೆ ಒಪ್ಪಿಸುತ್ತೇವೆ, ಬಡತನದ ವ್ರತವಿದೆ ಎಂಬ ವಾದ ನಿಲ್ಲಲಿಲ್ಲ. ಹೊಣೆಗೆ ನೌಕರರು, ಹಕ್ಕಿಗೆ ಅಲ್ಲ ಎಂದರೆ ಹೇಗೆ?

ಇನ್ನು ಭಾರತದ ಕಾನೂನಿನ ವಿಷಯ. ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆ ಸಿಗಬೇಕಾದರೆ ಸಂಸ್ಥೆ ‘ಉದ್ಯಮ’ವಾಗಿರಬೇಕಿತ್ತು, ಕೆಲಸ ಮಾಡುವವರು ‘ಕಾರ್ಮಿಕ’ರಾಗಿರಬೇಕಿತ್ತು. ಇದರ ಬುಡದಲ್ಲಿರುವುದು ನಮ್ಮ ಬೆಂಗಳೂರು ಜಲಮಂಡಳಿಯ ಪ್ರಕರಣ. 1978ರ ಫೆಬ್ರವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠವು ‘ಉದ್ಯಮ’ ಎಂದರೇನು ಎಂಬುದನ್ನು ಬಹಳ ವಿಶಾಲವಾಗಿ ವಿವರಿಸಿ ಆಸ್ಪತ್ರೆ, ಕ್ಲಬ್ಬು, ಶಿಕ್ಷಣ ಸಂಸ್ಥೆ ಎಲ್ಲವನ್ನೂ ಅದರೊಳಗೆ ತಂದಿತು. ಕೇವಲ ಆಧ್ಯಾತ್ಮಿಕ ಅಥವಾ ಧಾರ್ಮಿಕವಾದ ಸೇವೆಯನ್ನು ಹೊರಗಿಟ್ಟ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸುವುದನ್ನು ಮಾತ್ರ ಉದ್ಯಮದ ಒಳಗೇ ಉಳಿಸಿಕೊಂಡರು.

ಅದಾದ ಹತ್ತು ವರ್ಷಕ್ಕೆ, 1988ರಲ್ಲಿ, ಸುಂದರಂಬಾಳ್ ಪ್ರಕರಣ ಬಂತು. ಗೋವಾದ ಕಾರಂಜಾಳೆಯಲ್ಲಿ ಫ್ರಾನ್ಸಿಸ್ಕನ್ ಸಿಸ್ಟರುಗಳ ಸಂಸ್ಥೆ ನಡೆಸುತ್ತಿದ್ದ ಶಾಲೆಯ ಶಿಕ್ಷಕಿಯೊಬ್ಬರನ್ನು 1975ರಲ್ಲಿ ಕೆಲಸದಿಂದ ತೆಗೆಯಲಾಗಿತ್ತು. ಶಾಲೆ ಉದ್ಯಮ ಹೌದು, ಶಿಕ್ಷಕಿ ಕಾರ್ಮಿಕಳಲ್ಲ ಎಂದು ಕೋರ್ಟು ತೀರ್ಮಾನಿಸಿತು. ಬೋಧನೆಯು ಕೈಕೆಲಸವಲ್ಲ, ಗುಮಾಸ್ತಿಕೆಯಲ್ಲ, ಅದೊಂದು ಉದಾತ್ತ ವೃತ್ತಿ, ಶಿಕ್ಷಕರು ಮಕ್ಕಳ ವ್ಯಕ್ತಿತ್ವ ರೂಪಿಸುವವರು ಎಂಬುದು ಅದಕ್ಕೆ ಕೊಟ್ಟ ಕಾರಣ. ಹೊಗಳಿಕೆಯ ಆ ಸಾಲುಗಳಿಂದಾಗಿ ಆಕೆಗೆ ಕೈಗಾರಿಕಾ ವಿವಾದ ಕಾಯ್ದೆಯ ಬಾಗಿಲು ಮುಚ್ಚಿತು. ಶಾಲೆಯ ಜವಾನನಿಗೂ ಗುಮಾಸ್ತನಿಗೂ ಅದು ತೆರೆದೇ ಇತ್ತು.

2025ರ ನವೆಂಬರ್ 21ರಂದು ಆ ಕಾಯ್ದೆಯ ಬದಲಿಗೆ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪೂರ್ಣವಾಗಿ ಅಥವಾ ಬಹುಮಟ್ಟಿಗೆ ದತ್ತಿ, ಸಾಮಾಜಿಕ ಅಥವಾ ಪರೋಪಕಾರದ ಸೇವೆಯಲ್ಲಿ ತೊಡಗಿರುವ ಸಂಘಟನೆಗಳ ಸಂಸ್ಥೆಗಳನ್ನೇ ‘ಉದ್ಯಮ’ದಿಂದ ಹೊರಗಿಟ್ಟಿದೆ. ಟ್ರಸ್ಟುಗಳು ನಡೆಸುವ ಪಾಠಶಾಲೆ, ಸೆಮಿನರಿಗಳು ಈ ರಿಯಾಯಿತಿಯನ್ನು ಕೇಳದೇ ಬಿಡುವುದಿಲ್ಲ.

ತರ್ಕದ ಮೇಷ್ಟ್ರು

ವಕೀಲರು ಪ್ರಸಾದದ ವಿಷಯ ಎತ್ತಿದ್ದರಿಂದ ಬರೆಯುತ್ತಿದ್ದೇನೆ. ನಾನು ಮಠವೊಂದರ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕವನ್ನೂ ವ್ಯಾಕರಣವನ್ನೂ ಕಲಿಸಿ ಇತ್ತೀಚೆಗೆ ಹೊರಬಂದವನು. ಮಠದ ಹೆಸರು ಬೇಡ.

ನನಗೆ ನೇಮಕಾತಿ ಆದೇಶ ಎಂಬುದಿರಲಿಲ್ಲ. ಕಾರ್ಯದರ್ಶಿಗಳು ಬಾಯಿಮಾತಿನಲ್ಲಿ ‘ಬಂದು ಪಾಠ ಶುರು ಮಾಡಿ’ ಎಂದರು, ಶುರು ಮಾಡಿದೆ. ತಿಂಗಳ ಹಣವನ್ನು ಲಕೋಟೆಯಲ್ಲಿ ಹಾಕಿ ಕೊಡುತ್ತಿದ್ದರು. ವೋಚರಿನಲ್ಲಿ ಅದಕ್ಕೆ ‘ವಿದ್ವತ್ ಸಂಭಾವನೆ’ ಎಂದು ಹೆಸರು. ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ ಹಾಕುವಾಗ ನಗದು ಪುಸ್ತಕ ಎದುರಿಗೇ ತೆರೆದಿರುತ್ತಿತ್ತು. ನನ್ನ ಹೆಸರಿನ ಮೇಲಿನ ಸಾಲಿನಲ್ಲಿ ಪೂಜೆಯ ಹೂವಿನ ಲೆಕ್ಕ, ಕೆಳಗಿನ ಸಾಲಿನಲ್ಲಿ ದಾಸೋಹದ ಗ್ಯಾಸ್ ಸಿಲಿಂಡರಿನ ಲೆಕ್ಕ. ಬೇಸಿಗೆ ರಜೆಯಲ್ಲಿ ಪಾಠವಿಲ್ಲವಾದ್ದರಿಂದ ಸಂಭಾವನೆಯೂ ಇಲ್ಲ. ದಾಸೋಹದ ಅಡುಗೆಯವರಿಗೆ ಮಾತ್ರ ಪಿಎಫ್ ಖಾತೆಯಿತ್ತು, ಯಾರೋ ಲೆಕ್ಕಪರಿಶೋಧಕರು ಹೇಳಿದ್ದರಿಂದ ಮಾಡಿಸಿದ್ದರಂತೆ. ಅಡುಗೆಯವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರು ನನಗಿಂತ ಮೊದಲು ಎದ್ದು ಒಲೆ ಹಚ್ಚುತ್ತಿದ್ದವರು.

ಹೊರಡುವ ದಿನ ಶಾಲು ಹೊದೆಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟರು. ಕಣ್ಣು ತುಂಬಿ ಬಂದದ್ದು ನಿಜ. ಗ್ರಾಚ್ಯುಟಿಯ ಮಾತನ್ನು ಅಂಥ ಹೊತ್ತಿನಲ್ಲಿ ಎತ್ತುವುದು ಹೇಗೆ?

ಅಗ್ರಹಾರದ ಜಗುಲಿ

ಕ್ಷಮಿಸಿ, ವಿದ್ಯೆಯನ್ನು ದಾನ ಮಾಡಬೇಕೇ ಹೊರತು ಮಾರಬಾರದೆಂಬುದು ನಮ್ಮ ಪರಂಪರೆ. ಪಾಠಶಾಲೆಯಲ್ಲಿ ಮಕ್ಕಳಿಂದ ಒಂದು ಪೈಸೆ ಫೀಸು ತೆಗೆದುಕೊಳ್ಳುವುದಿಲ್ಲ, ಊಟ ವಸತಿಯೂ ಉಚಿತ. ಭಕ್ತರ ಕಾಣಿಕೆಯಿಂದ ನಡೆಯುವ ಇಂಥ ಜಾಗದಲ್ಲಿ ಪಿಎಫ್, ಗ್ರಾಚ್ಯುಟಿ ಎಂದು ಕುಳಿತರೆ ಇನ್ನು ಕೆಲವು ವರ್ಷಗಳಲ್ಲಿ ಪಾಠಶಾಲೆಗಳೇ ಇರುವುದಿಲ್ಲ. ಸಂಬಳ ಬೇಕೆನ್ನುವವರಿಗೆ ಸರ್ಕಾರಿ ಕಾಲೇಜುಗಳಿವೆ.

ತರ್ಕದ ಮೇಷ್ಟ್ರು

ಸ್ವಾಮಿ, ಪರಂಪರೆಯ ಮಾತಿಗೆ ಪರಂಪರೆಯಿಂದಲೇ ಉತ್ತರ ಕೊಡುತ್ತೇನೆ. ಕಲಬುರಗಿ ಜಿಲ್ಲೆ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ್ದು. ದಂಡನಾಯಕ ಮಧುಸೂದನನು ಅಲ್ಲಿ ಘಟಿಕಾಸ್ಥಾನವನ್ನು, ಅಂದರೆ ವಿದ್ಯಾಕೇಂದ್ರವನ್ನು, ಕಟ್ಟಿಸಿ, ವೇದ ಓದುವ 200 ವಿದ್ಯಾರ್ಥಿಗಳಿಗೂ ಶಾಸ್ತ್ರ ಓದುವವರಿಗೂ ಏರ್ಪಾಡು ಮಾಡಿದನು. ವಿದ್ಯೆ ಅಲ್ಲಿಯೂ ದಾನವೇ ಆಗಿತ್ತು. ಆದರೆ ಕಲಿಸುವವರಿಗೂ ಸರಸ್ವತೀ ಭಂಡಾರಿಗರಿಗೂ, ಅಂದರೆ ಗ್ರಂಥಗಳನ್ನು ನೋಡಿಕೊಳ್ಳುವವರಿಗೂ, ಇಷ್ಟಿಷ್ಟು ಮತ್ತರು ಭೂಮಿ ಎಂದು ಅಳೆದು ಕಲ್ಲಿನ ಮೇಲೆ ಕೊರೆಸಿದ್ದಾರೆ. ಮುಂದೆ ಯಾರೂ ಇಲ್ಲವೆನ್ನಬಾರದೆಂದೇ ಕಲ್ಲಿನ ಮೇಲೆ. ದಾನದ ಹೊರೆ ದಾನಿಯ ಮೇಲಿತ್ತು, ಕಲಿಸುವವನ ಮನೆಯ ಒಲೆಯ ಮೇಲೆ ಇರಲಿಲ್ಲ. ನನಗೆ ಒಂದು ಹಾಳೆಯ ಆದೇಶವನ್ನೂ ಕೊಡದವರು ಆ ಪರಂಪರೆಯ ಹೆಸರು ಹೇಳಿದರೆ ಒಪ್ಪುವುದು ಕಷ್ಟ.

ಸಾಗರದಾಚೆ

ಮೇಷ್ಟ್ರ ಮಾತು ಕೆಂಟಕಿಯ ಪ್ರಕರಣವೊಂದನ್ನು ನೆನಪಿಸಿತು. ಈ ಚರ್ಚೆಗೆ ನ್ಯೂಯಾರ್ಕಿನ ಪ್ರಕರಣಕ್ಕಿಂತ ಅದೇ ಹೆಚ್ಚು ಉಪಯುಕ್ತ ಎಂದು ನನಗೆ ತೋರುತ್ತದೆ.

ಲೆಕ್ಸಿಂಗ್ಟನ್ ಥಿಯಲಾಜಿಕಲ್ ಸೆಮಿನರಿಯು ಡಿಸೈಪಲ್ಸ್ ಆಫ್ ಕ್ರೈಸ್ಟ್ ಎಂಬ ಪ್ರಾಟೆಸ್ಟಂಟ್ ಪಂಗಡದ್ದು. 2008ರ ಆರ್ಥಿಕ ಕುಸಿತದ ಹೊಡೆತ ಬಿದ್ದ ಮೇಲೆ 2009ರಲ್ಲಿ ಹಣದ ಮುಗ್ಗಟ್ಟೆಂದು ಹೇಳಿ ಟೆನ್ಯೂರ್ ಪಡೆದಿದ್ದ, ಅಂದರೆ ಕಾಯಂ ಆಗಿದ್ದ ಪ್ರಾಧ್ಯಾಪಕರನ್ನೂ ತೆಗೆಯಿತು. ಅವರಲ್ಲಿ ಇಬ್ಬರು, ಜಿಮ್ಮಿ ಕರ್ಬಿ ಮತ್ತು ಲಾರೆನ್ಸ್ ಕಾಂಟ್, ಕೋರ್ಟಿಗೆ ಹೋದರು. ಕರ್ಬಿ ಕ್ರೈಸ್ತ ಸಾಮಾಜಿಕ ನೀತಿಶಾಸ್ತ್ರ ಕಲಿಸುತ್ತಿದ್ದ ಕಪ್ಪುವರ್ಣೀಯ ಪ್ರಾಧ್ಯಾಪಕರು. ಕಾಂಟ್ ಯಹೂದಿ, ಧರ್ಮಗಳ ಇತಿಹಾಸವನ್ನು ಕಲಿಸುತ್ತಿದ್ದವರು. ಸೆಮಿನರಿಯದೇ ಸೇವಾ ಕೈಪಿಡಿಯ ಪ್ರಕಾರ ಟೆನ್ಯೂರ್ ಇದ್ದವರನ್ನು ತೆಗೆಯಲು ಇದ್ದ ಕಾರಣಗಳು ಮೂರೇ: ನೈತಿಕ ಅಧಃಪತನ, ಕರ್ತವ್ಯದಲ್ಲಿ ಸ್ಪಷ್ಟ ವೈಫಲ್ಯ, ಸಂಸ್ಥೆಗೆ ಹಾನಿಯಾಗುವ ನಡತೆ. ಹಣವಿಲ್ಲ ಎಂಬ ಕಾರಣ ಆ ಪಟ್ಟಿಯಲ್ಲಿ ಇರಲಿಲ್ಲ.

2014ರ ಏಪ್ರಿಲಿನಲ್ಲಿ, ಚೆಲ್ಸಿಯ ಗಲಾಟೆಗೆ ಐದು ತಿಂಗಳ ಮುಂಚೆ, ಕೆಂಟಕಿಯ ಸುಪ್ರೀಂ ಕೋರ್ಟು ಎರಡೂ ಪ್ರಕರಣಗಳಲ್ಲಿ ತೀರ್ಪು ಕೊಟ್ಟಿತು. ಕರ್ಬಿ ಅವರು ಪಂಗಡದ ಧರ್ಮಕಾರ್ಯದಲ್ಲಿ ತೊಡಗಿದ್ದವರು, ಆದ್ದರಿಂದ ಜನಾಂಗ ತಾರತಮ್ಯದ ಅವರ ದೂರನ್ನು ಕೋರ್ಟು ಕೇಳುವಂತಿಲ್ಲ. ಆದರೆ ಟೆನ್ಯೂರಿನ ಕರಾರನ್ನು ಸೆಮಿನರಿ ತಾನಾಗಿಯೇ ಬರೆದು ಒಪ್ಪಿಕೊಂಡದ್ದು, ಸರ್ಕಾರ ಹೇರಿದ್ದಲ್ಲ. ಆ ಕರಾರನ್ನು ಪಾಲಿಸಿ ಎಂದರೆ ಧರ್ಮದಲ್ಲಿ ಕೈಹಾಕಿದಂತಾಗುವುದಿಲ್ಲ, ಹಾಗಾಗಿ ಕರಾರು ಉಲ್ಲಂಘನೆಯ ದಾವೆ ಮುಂದುವರಿಯಬಹುದು. ಕಾಂಟ್ ಅವರಂತೂ ಧರ್ಮಕಾರ್ಯ ನಡೆಸುವವರ ಸಾಲಿಗೇ ಸೇರುವುದಿಲ್ಲ, ಅವರಿಗೆ ಆ ವಿನಾಯಿತಿಯೇ ಅಡ್ಡಬರುವುದಿಲ್ಲ. ಸೆಮಿನರಿಯಲ್ಲಿ ಕಲಿಸುತ್ತಾರೆ ಎಂದ ಮಾತ್ರಕ್ಕೆ ಎಲ್ಲರೂ ಪಾದ್ರಿಗಳಲ್ಲ ಎಂದು ಕೋರ್ಟು ವಿಂಗಡಿಸಿ ನೋಡಿದ್ದು ನನಗೆ ಬಹಳ ಸರಿಯೆನಿಸಿತು.

ಗುರುಮಠದಿಂದ

ಈ ತೀರ್ಪಿನ ವಿಂಗಡಣೆಯನ್ನು ನಾನೂ ಒಪ್ಪುತ್ತೇನೆ. ನಮ್ಮದೇ ಧರ್ಮಸಭೆಯ ಕಾನೂನು ಅದಕ್ಕಿಂತ ಮುಂದೆ ಹೋಗುತ್ತದೆ. 1983ರ ಕ್ಯಾನನ್ ಕಾನೂನು ಸಂಹಿತೆಯ 1286ನೆಯ ವಿಧಿಯ ಪ್ರಕಾರ ಧರ್ಮಸಭೆಯ ಆಸ್ತಿ ನೋಡಿಕೊಳ್ಳುವವರು ನೌಕರರನ್ನು ನೇಮಿಸಿಕೊಳ್ಳುವಾಗ ಆ ದೇಶದ ಕಾರ್ಮಿಕ ಕಾನೂನನ್ನು ಚಾಚೂ ತಪ್ಪದೆ ಪಾಲಿಸಬೇಕು, ಕರಾರಿನಂತೆ ಕೆಲಸ ಮಾಡುವವರಿಗೆ ಅವರೂ ಅವರ ಕುಟುಂಬವೂ ಬದುಕುವಷ್ಟು ನ್ಯಾಯವಾದ ಕೂಲಿ ಕೊಡಬೇಕು. ಧರ್ಮಸಭೆಯ ಸೇವೆಗೆ ಮುಡಿಪಾದ ಶ್ರೀಸಾಮಾನ್ಯ ವಿಶ್ವಾಸಿಗಳಿಗೆ ತಕ್ಕ ಸಂಭಾವನೆ, ವಿಮೆ, ಆರೋಗ್ಯದ ಏರ್ಪಾಡು ಪಡೆಯುವ ಹಕ್ಕಿದೆಯೆಂದು 231ನೆಯ ವಿಧಿ ಹೇಳುತ್ತದೆ. ಹದಿಮೂರನೆಯ ಲಿಯೋ ಪೋಪರು ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ವಿಶ್ವಪತ್ರ ಹೊರಡಿಸಿದ್ದು 1891ರಲ್ಲಿ. ಇದನ್ನೆಲ್ಲ ತರಗತಿಯಲ್ಲಿ ಕಲಿಸುವ ನಾವು ಗ್ರೀಕ್ ಭಾಷೆ ಕಲಿಸಲು ಬರುವ ಗೃಹಸ್ಥ ಬೋಧಕರಿಗೆ ಪ್ರತಿ ಜೂನಿನಲ್ಲಿ ಹೊಸದಾಗಿ ಹನ್ನೊಂದು ತಿಂಗಳ ನೇಮಕ ಪತ್ರ ಕೊಟ್ಟರೆ ಅದು ಅಸಂಗತವೇ. ಅಂಥ ಪತ್ರಗಳನ್ನು ನಾನು ಕಂಡಿದ್ದೇನೆ.

ಆದರೆ ಒಂದು ವಿಷಯದಲ್ಲಿ ನಾನು ಹಿಂದೆ ಸರಿಯಲಾರೆ. ಬೋಧಕನು ಏನು ಕಲಿಸುತ್ತಾನೆ ಎಂಬುದರ ಮೇಲೆ ವಿವಾದವಾದಾಗ ಅದನ್ನು ತೀರ್ಮಾನಿಸುವ ಅಧಿಕಾರ ಧರ್ಮಸಂಸ್ಥೆಯದೇ ಆಗಿರಬೇಕು. 1974ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿರುವ, ಲೂಥರನ್ ಪಂಗಡದ ಕಾಂಕಾರ್ಡಿಯಾ ಸೆಮಿನರಿಯಲ್ಲಿ ಬೈಬಲ್ಲನ್ನು ಐತಿಹಾಸಿಕ ವಿಮರ್ಶೆಯ ದಾರಿಯಲ್ಲಿ ಕಲಿಸುವ ಬಗ್ಗೆ ಜಗಳವಾಗಿ, ಜನವರಿಯಲ್ಲಿ ಅಧ್ಯಕ್ಷ ಜಾನ್ ಟೀಟ್ಯೆನ್ ಅಮಾನತಾದರು. ಹೆಚ್ಚಿನ ಬೋಧಕರು ಪಾಠ ನಿಲ್ಲಿಸಿ, ಫೆಬ್ರವರಿ 19ರಂದು ವಿದ್ಯಾರ್ಥಿಗಳೊಂದಿಗೆ ಆವರಣ ಬಿಟ್ಟು ನಡೆದು, ಸೆಮಿನೆಕ್ಸ್ ಎಂಬ ಬೇರೆ ಸೆಮಿನರಿಯನ್ನೇ ಆರಂಭಿಸಿದರು. ಅಲ್ಲಿ ಯಾರು ಸರಿ ಎಂದು ಹೇಳುವ ಕೆಲಸ ಕಾರ್ಮಿಕ ನ್ಯಾಯಾಲಯದ್ದಲ್ಲ.

ಕಡತ ಓದುಗ

ಫಾದರ್, ಕಾಂಕಾರ್ಡಿಯಾದ ವಿಷಯದಲ್ಲಿ ತಾವು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಬೋಧಕರು ಕೆಲಸದ ಜೊತೆಗೆ ಆವರಣದೊಳಗಿನ ವಾಸದ ಮನೆಯನ್ನೂ ತೆರವು ಮಾಡಬೇಕಾಯಿತು ಎಂಬುದನ್ನೂ ಸೇರಿಸಿ ನೋಡಬೇಕೆಂಬುದಷ್ಟೇ ನನ್ನ ಕೋರಿಕೆ. ಬೋಧನೆ ಶಾಸ್ತ್ರಸಮ್ಮತವೇ ಅಲ್ಲವೇ ಎಂಬುದನ್ನು ಪಂಗಡದ ಆಡಳಿತ ಸಭೆಯಾದ ಸಿನಾಡ್ ತೀರ್ಮಾನಿಸಲಿ. ಅವರ ಹೆಂಡತಿ ಮಕ್ಕಳು ಮನೆ ಖಾಲಿ ಮಾಡಲು ಎಷ್ಟು ದಿನ ಬೇಕೆಂಬುದು ದೈವಶಾಸ್ತ್ರದ ಪ್ರಶ್ನೆಯಲ್ಲ. ಸೆಮಿನರಿಯ ಬೋಧಕನಿಗೆ ಕೆಲಸ, ಮನೆ, ಆರಾಧನೆಯ ಸಮುದಾಯ, ಕೆಲವೊಮ್ಮೆ ಮಕ್ಕಳ ಶಾಲೆ ಕೂಡ ಒಂದೇ ಬೇಲಿಯೊಳಗೆ ಇರುತ್ತವೆ. ಕೆಲಸ ಹೋದರೆ ಇವೆಲ್ಲವೂ ಒಂದೇ ದಿನ ಹೋಗುತ್ತವೆ. ಸಾಮಾನ್ಯ ಕಾಲೇಜಿನವರಿಗಿಂತ ಇವರಿಗೆ ಲಿಖಿತ ನಿಯಮಗಳು ಹೆಚ್ಚು ಬೇಕೆಂದು ನಾನು ಹೇಳುವುದು ಇದಕ್ಕೇ.

ಆರಾಧನೆಯನ್ನು ಬಹಿಷ್ಕರಿಸಿದ್ದು ಸರಿಯಲ್ಲ ಎಂಬ ತಮ್ಮ ಮಾತು ನನ್ನನ್ನೂ ಯೋಚನೆಗೆ ಹಚ್ಚಿತು. ಆದರೆ ಆರಾಧನೆಗೆ ಹಾಜರಾಗುವುದು ಕೆಲಸದ ಕರ್ತವ್ಯಗಳಲ್ಲೊಂದು ಎಂದು ಸಂಸ್ಥೆ ಭಾವಿಸಿದ ಮೇಲೆ, ಕೆಲಸ ನಿಲ್ಲಿಸಿದವರು ಅದನ್ನೂ ನಿಲ್ಲಿಸಿದರೆ ಪೂರ್ತಿ ತಪ್ಪು ಅವರದೇ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಗುರುಮಠದಿಂದ

ಅಲ್ಲಿ ನಾವು ಒಮ್ಮತಕ್ಕೆ ಬರುವುದಿಲ್ಲ. ಉಳಿದದ್ದಕ್ಕೆ ನನ್ನ ಒಪ್ಪಿಗೆಯಿದೆ.

ಹೈಕೋರ್ಟ್ ಕಾರಿಡಾರ್

ಅಮೆರಿಕದಲ್ಲಿ ಕರಾರು ಮಾಡಿದ ಕೆಲಸವನ್ನು ನಮ್ಮಲ್ಲಿ ಸಂಸತ್ತು ಮಾಡಿದೆ, ತಡವಾಗಿಯಾದರೂ. ಶಿಕ್ಷಕರು ಗ್ರಾಚ್ಯುಟಿ ಕಾಯ್ದೆಯ ‘ನೌಕರ’ ಎಂಬ ವ್ಯಾಖ್ಯೆಗೂ ಬರುವುದಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಸಂಸತ್ತು 2009ರಲ್ಲಿ ಆ ವ್ಯಾಖ್ಯೆಯನ್ನೇ ತಿದ್ದಿ, ತಿದ್ದುಪಡಿಯನ್ನು 1997ರ ಏಪ್ರಿಲ್ 3ರಿಂದ ಪೂರ್ವಾನ್ವಯಗೊಳಿಸಿತು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿ ಸೋತದ್ದು 2022ರ ಆಗಸ್ಟಿನಲ್ಲಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಶಿಕ್ಷಣ ಸಂಸ್ಥೆ ಇದಕ್ಕೆ ಒಳಪಡುತ್ತದೆ. ಈಗ ಈ ಹಕ್ಕು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಮುಂದುವರಿದಿದೆ. ಲೆಕ್ಕ ಸುಲಭ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ತಿಂಗಳಿಗೆ 26,000 ರೂಪಾಯಿ ಪಡೆಯುತ್ತಿದ್ದವರಿಗೆ 20 ವರ್ಷದ ಸೇವೆಗೆ 3,00,000 ರೂಪಾಯಿ.

ಪಿಎಫ್ ವಿಷಯದಲ್ಲಿ 1982ರ ಫೆಬ್ರವರಿಯ ಅಧಿಸೂಚನೆಯನ್ನು ಪಾಠಶಾಲೆಯವರು ಓದಬೇಕು. ವಿಶ್ವವಿದ್ಯಾಲಯ, ಕಾಲೇಜು, ಶಾಲೆಗಳ ಜೊತೆಗೆ ಜ್ಞಾನವನ್ನಾಗಲಿ ತರಬೇತಿಯನ್ನಾಗಲಿ ವ್ಯವಸ್ಥಿತವಾಗಿ ನೀಡುವ ಯಾವುದೇ ಸಂಸ್ಥೆಯನ್ನು ಅದು ಹೆಸರಿಸುತ್ತದೆ. ಇಲ್ಲಿ 20 ಜನರ ಮಿತಿಯಿದೆ, ಅಡುಗೆಯವರು, ಗುಮಾಸ್ತರು, ಕಾವಲಿನವರು ಎಲ್ಲರೂ ಎಣಿಕೆಗೆ ಬರುತ್ತಾರೆ.

ಅಲ್ಪಸಂಖ್ಯಾತ ಸಂಸ್ಥೆಗಳು, ತಮ್ಮ ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಹಕ್ಕು ಕೊಡುವ ಸಂವಿಧಾನದ 30ನೆಯ ವಿಧಿಯನ್ನು ಮುಂದಿಡುವುದುಂಟು. ಅದಕ್ಕೆ ಉತ್ತರ 1986ರ ಫ್ರಾಂಕ್ ಆಂಟನಿ ಶಾಲೆಯ ನೌಕರರ ಪ್ರಕರಣದಲ್ಲಿದೆ. ದೆಹಲಿಯ ಶಿಕ್ಷಣ ಕಾಯ್ದೆಯಲ್ಲಿ ಸಿಬ್ಬಂದಿಯ ವೇತನ ಮತ್ತು ಸೇವಾ ಷರತ್ತುಗಳ ನಿಯಮದಿಂದ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೆ ಕೊಟ್ಟಿದ್ದ ವಿನಾಯಿತಿ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ಹೇಳಿತು. ಸಂಸ್ಥೆಯನ್ನು ತಮ್ಮಿಷ್ಟದಂತೆ ನಡೆಸುವ ಹಕ್ಕು ಎಂದರೆ ಸಿಬ್ಬಂದಿಗೆ ಕಡಿಮೆ ಕೊಡುವ ಹಕ್ಕಲ್ಲ.

ತರ್ಕದ ಮೇಷ್ಟ್ರು

ವಕೀಲರೇ, ನನ್ನಂಥವರಿಗೆ ಆದೇಶವಿಲ್ಲ, ಬ್ಯಾಂಕಿನ ಜಮೆಯಿಲ್ಲ, ‘ಸಂಭಾವನೆ’ಯ ವೋಚರ್ ಮಾತ್ರ, ಅದೂ ಅವರ ಹತ್ತಿರವೇ ಇದೆ. ನಾನು ಅಲ್ಲಿ ಕೆಲಸ ಮಾಡುತ್ತಿದ್ದೆನೆಂದು ತೋರಿಸುವುದು ಹೇಗೆ?

ಹೈಕೋರ್ಟ್ ಕಾರಿಡಾರ್

ಮೇಷ್ಟ್ರೇ, ವೋಚರಿನಲ್ಲಿ ಯಾವ ಹೆಸರು ಬರೆದಿದ್ದಾರೆ ಎಂಬುದೊಂದೇ ನಿರ್ಣಾಯಕವಲ್ಲ. ಪ್ರತಿ ತಿಂಗಳೂ ಗೊತ್ತಾದ ಮೊತ್ತ ಕೊಡುತ್ತಿದ್ದರೇ, ಗೊತ್ತಾದ ಹೊತ್ತಿಗೆ ಪಾಠಕ್ಕೆ ಬರಬೇಕಿತ್ತೇ, ರಜೆ ಬೇಕಾದರೆ ಯಾರನ್ನು ಕೇಳಬೇಕಿತ್ತು, ಇವನ್ನು ನೋಡುತ್ತಾರೆ. ನಿಮ್ಮ ಹೆಸರಿರುವ ವೇಳಾಪಟ್ಟಿ, ನೀವು ಸಹಿ ಮಾಡಿದ ಅಂಕಪಟ್ಟಿ ಮತ್ತು ಹಾಜರಿ ಪುಸ್ತಕ, ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯಲ್ಲಿ ಬೋಧಕರ ಪಟ್ಟಿ, ಹಳೆಯ ವಿದ್ಯಾರ್ಥಿಗಳ ಹೇಳಿಕೆ, ಬೀಳ್ಕೊಡುಗೆಯ ಫೋಟೊ ಮತ್ತು ಅಂದು ಕೊಟ್ಟ ಸನ್ಮಾನಪತ್ರ, ಎಲ್ಲವೂ ಕೆಲಸಕ್ಕೆ ಬರುತ್ತವೆ. ಸನ್ಮಾನಪತ್ರದಲ್ಲಿ ಸಾಮಾನ್ಯವಾಗಿ ‘ಇಂತಿಷ್ಟು ವರ್ಷ ನಿಷ್ಠೆಯಿಂದ ಸೇವೆ ಸಲ್ಲಿಸಿದ’ ಎಂದು ಅವರೇ ಬರೆದು ಸಹಿ ಹಾಕಿರುತ್ತಾರೆ. ಅದನ್ನು ಚೌಕಟ್ಟಿನಿಂದ ಬಿಚ್ಚಿ ಒಂದು ನಕಲು ಮಾಡಿಸಿಟ್ಟುಕೊಳ್ಳಿ.

ಮೊದಲು ಆಡಳಿತ ಮಂಡಳಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಸ್ವೀಕೃತಿ ಕೊಡದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಗ್ರಾಚ್ಯುಟಿ ಸಲ್ಲಬೇಕಾದ ದಿನದಿಂದ 30 ದಿನಗಳ ಒಳಗೆ ಅವರು ಕೊಡಬೇಕು, ತಡವಾದರೆ ಬಡ್ಡಿಯೂ ಸೇರುತ್ತದೆ. ಕೊಡದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಇದನ್ನು ವಿಚಾರಿಸುವ ಅಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ವೋಚರುಗಳನ್ನು ಹಾಜರುಪಡಿಸುವಂತೆ ಸಂಸ್ಥೆಗೆ ಆದೇಶಿಸಬೇಕೆಂದು ಅದೇ ಅರ್ಜಿಯಲ್ಲಿ ಕೇಳಿಕೊಳ್ಳಿ. ಅರ್ಜಿಯ ಕರಡನ್ನು ಕಳಿಸಿದರೆ ನೋಡಿಕೊಡುತ್ತೇನೆ.